ಫೋನ್ ಮಾರುಕಟ್ಟೆ ಪಾಲು: ಅಂಕಿಗಿಂತ ಮೊದಲು ಅಳತೆಗೋಲು ನೋಡಿ

ಆಂಡ್ರಾಯ್ಡ್ ಮುಂದೋ ಐಫೋನ್ ಮುಂದೋ ಎಂಬ ವಾದದಲ್ಲಿ ಇಬ್ಬರ ಕೈಯಲ್ಲೂ ಅಂಕಿಅಂಶ ಇರುತ್ತದೆ. ಎಷ್ಟೋ ಸಲ ಎರಡೂ ಸರಿಯೇ. ಒಬ್ಬರು ಸೇರಿನಲ್ಲಿ ಅಳೆದಿರುತ್ತಾರೆ, ಇನ್ನೊಬ್ಬರು ಮೊಳದಲ್ಲಿ. ಶೇಕಡಾವಾರು ಪಾಲು ಎಂದರೆ ಕೊನೆಗೆ ಒಂದು ಭಿನ್ನರಾಶಿ. ಮೇಲೆ ಏನಿದೆ, ಕೆಳಗೆ ಏನಿದೆ ಎಂದು ಗೊತ್ತಾಗದೆ ಅದನ್ನು ನಂಬಬಾರದು, ಅಲ್ಲಗಳೆಯಲೂಬಾರದು.

1. ಎಣಿಸಿದ್ದು ಏನನ್ನು?

ಕಾಗದ, ಪೆನ್ನು ಹಿಡಿದು ಈ ಕಾಲ್ಪನಿಕ ಲೆಕ್ಕ ಮಾಡಿ. ‘ಕ’ ವೇದಿಕೆಯ ಫೋನುಗಳು ವರ್ಷಕ್ಕೆ 20 ಮಾರಾಟವಾಗುತ್ತವೆ, ‘ಗ’ ವೇದಿಕೆಯವು 80. ಮಾರಾಟದಲ್ಲಿ ‘ಕ’ದ ಪಾಲು ಶೇ 20. ‘ಕ’ ಫೋನ್ 5 ವರ್ಷ ಬಾಳುತ್ತದೆ, ‘ಗ’ 3 ವರ್ಷ ಎಂದಿಟ್ಟುಕೊಳ್ಳಿ. ಆಗ ಜನರ ಕೈಯಲ್ಲಿರುವುದು ‘ಕ’ 100, ‘ಗ’ 240. ‘ಕ’ದ ಪಾಲು ಶೇ 29ಕ್ಕೆ ಏರಿತು. ‘ಕ’ ಬಳಕೆದಾರರು ದಿನಕ್ಕೆ 50 ವೆಬ್ ಪುಟ ತೆರೆಯುತ್ತಾರೆ, ‘ಗ’ದವರು 30. ಪುಟಗಳ ಲೆಕ್ಕದಲ್ಲಿ 5,000ಕ್ಕೆ ಎದುರು 7,200. ಈಗ ಶೇ 41. ‘ಕ’ ಫೋನಿನ ಬೆಲೆ ‘ಗ’ದ ನಾಲ್ಕು ಪಟ್ಟಾದರೆ ಹಣದ ಲೆಕ್ಕದಲ್ಲಿ ಇಬ್ಬರೂ ಸಮಸಮ, ಶೇ 50.

ಮಾರುಕಟ್ಟೆ ಅದೇ, ಉತ್ತರ ನಾಲ್ಕು. ಅಂಗಡಿಗೆ ಸರಕು ತರಿಸುವವರಿಗೆ ಮೊದಲನೆಯದು ಬೇಕು, ಆ್ಯಪ್ ಬರೆಯುವವರಿಗೆ ಎರಡನೆಯದು, ಜಾಲತಾಣ ನಡೆಸುವವರಿಗೆ ಮೂರನೆಯದು, ಷೇರು ಕೊಳ್ಳುವವರಿಗೆ ನಾಲ್ಕನೆಯದು. ನಿಮ್ಮ ಪ್ರಶ್ನೆ ಯಾವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಮಗೆ ಹಿತವಾದ ಅಳತೆಯೇ ಸರಿಯಾದದ್ದು ಅನ್ನಿಸತೊಡಗುತ್ತದೆ.

2. ಕಳಿಸಿದ್ದೋ, ಮಾರಿದ್ದೋ?

ಐಡಿಸಿಯಂಥ ಮಾರುಕಟ್ಟೆ ಸಂಶೋಧನಾ ಸಂಸ್ಥೆಗಳ ತ್ರೈಮಾಸಿಕ ವರದಿಯಲ್ಲಿ ಕಾಣುವುದು ರವಾನೆಯ ಸಂಖ್ಯೆ. ಅಂದರೆ ಕಂಪನಿಯಿಂದ ವಿತರಕರಿಗೂ ಅಂಗಡಿಗಳಿಗೂ ಹೋದ ಫೋನುಗಳು. ಗ್ರಾಹಕರ ಕೈ ಸೇರಿದ್ದು ಬೇರೆ. ರವಾನೆಯಲ್ಲಿ ದಾಸ್ತಾನಿನ ಹೆಚ್ಚಳವನ್ನು ಕಳೆದರೆ ಮಾರಾಟ ಸಿಗುತ್ತದೆ. 50 ಕಳಿಸಿ 38 ಮಾರಾಟವಾದರೆ 12 ಗೋದಾಮಿನಲ್ಲಿ ಕೂತಿರುತ್ತವೆ. ಮುಂದಿನ ತ್ರೈಮಾಸಿಕದಲ್ಲೂ 38 ಮಾರಾಟವಾದರೆ ಕಂಪನಿ 26 ಕಳಿಸಿದರೆ ಸಾಕು. ಆಗ ‘ರವಾನೆ ಅರ್ಧಕ್ಕೆ ಕುಸಿತ’ ಎಂಬ ಸುದ್ದಿ ಹುಟ್ಟುತ್ತದೆ. ಕೊಳ್ಳುವವರಲ್ಲಿ ಒಬ್ಬರೂ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಒಂದೇ ತ್ರೈಮಾಸಿಕ ನೋಡಬೇಡಿ, ನಾಲ್ಕನ್ನು ಕೂಡಿಸಿ ನೋಡಿ.

3. ಸಂಖ್ಯೆ ಬಂದದ್ದು ಎಲ್ಲಿಂದ?

ಸ್ಯಾಮ್ಸಂಗ್ 2011ರಲ್ಲೇ ತನ್ನ ಫೋನ್ ರವಾನೆಯ ಸಂಖ್ಯೆ ಪ್ರಕಟಿಸುವುದನ್ನು ನಿಲ್ಲಿಸಿತು. ಎಷ್ಟು ಐಫೋನ್ ಮಾರಾಟವಾಯಿತು ಎಂದು ಇನ್ನು ಹೇಳುವುದಿಲ್ಲ ಎಂದು ಆ್ಯಪಲ್ 2018ರ ನವೆಂಬರ್‌ನಲ್ಲಿ ತಿಳಿಸಿತು. ಆಮೇಲೆ ಈ ಎರಡು ಕಂಪನಿಗಳ ಬಗ್ಗೆ ನಾವು ಓದುತ್ತಿರುವ ಸಂಖ್ಯೆಗಳು ಹೆಚ್ಚಾಗಿ ಬಿಡಿಭಾಗ ಪೂರೈಕೆದಾರರು, ವಿತರಕರು, ಅಂಗಡಿಗಳ ಮಾಹಿತಿಯಿಂದ ಕಟ್ಟಿದ ಅಂದಾಜು. ಎರಡು ಸಂಸ್ಥೆಗಳ ಅಂದಾಜು ಹೊಂದದಿದ್ದರೆ ಯಾರೋ ಸುಳ್ಳು ಹೇಳಿದ್ದಾರೆ ಎಂದಲ್ಲ. ಆದರೆ ಒಂದು ವರ್ಷದ ಸಂಖ್ಯೆ ಒಂದು ಸಂಸ್ಥೆಯಿಂದ, ಮರುವರ್ಷದ್ದು ಇನ್ನೊಂದರಿಂದ ತಂದು ‘ಏರಿಕೆ’ ತೋರಿಸುವುದು ಮಾತ್ರ ಶುದ್ಧ ತಪ್ಪು.

4. ಛೇದದಲ್ಲಿ ಯಾರಿದ್ದಾರೆ?

ಕಂಪನಿಯ ಪಾಲು, ಓಎಸ್ (ಫೋನ್ ನಡೆಸುವ ಮೂಲ ತಂತ್ರಾಂಶ) ಪಾಲು ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ. ಐಫೋನಿನ ಓಎಸ್ ಆದ ಐಓಎಸ್ ಇರುವುದು ಒಂದೇ ಕಂಪನಿಯ ಫೋನಿನಲ್ಲಿ. ಆಂಡ್ರಾಯ್ಡ್ ಹತ್ತಾರು ಕಂಪನಿಗಳದ್ದು. ಆ್ಯಪಲ್ ಮೊದಲ ಸ್ಥಾನಕ್ಕೇರಿದ ವರ್ಷವೂ ಆಂಡ್ರಾಯ್ಡ್ ಬಹಳ ಮುಂದೆಯೇ ಇರಬಹುದು.

‘ಸಕ್ರಿಯ ಸಾಧನ’ ಎಂಬ ಮಾತು ಕಂಡರೆ ಇನ್ನೂ ಎಚ್ಚರ ಬೇಕು. ಗೂಗಲ್ 2021ರಲ್ಲಿ 300 ಕೋಟಿ ಸಕ್ರಿಯ ಆಂಡ್ರಾಯ್ಡ್ ಸಾಧನಗಳಿವೆ ಎಂದಿತು, ಆ್ಯಪಲ್ 2023ರಲ್ಲಿ 200 ಕೋಟಿ ಎಂದಿತು. ಎರಡನ್ನೂ ಕೂಡಿಸಿ ಐಫೋನಿಗೆ ಶೇ 40 ಎಂದು ಬರೆದರೆ ಲೆಕ್ಕ ಕೆಟ್ಟಿತು. ಆ್ಯಪಲ್ ಹೇಳಿದ್ದರಲ್ಲಿ ಮ್ಯಾಕ್, ಐಪ್ಯಾಡ್ ಕೂಡ ಸೇರಿವೆ. ಗೂಗಲ್ ಎಣಿಕೆಗೆ ಆಧಾರ ಪ್ಲೇ ಸ್ಟೋರ್. ಅದಿಲ್ಲದೆ ಚೀನಾದಲ್ಲಿ ಓಡುವ ಆಂಡ್ರಾಯ್ಡ್ ಫೋನುಗಳು ಹೊರಗುಳಿಯುತ್ತವೆ. ಮೇಲಾಗಿ ನಡುವೆ ಎರಡು ವರ್ಷದ ಅಂತರವಿದೆ.

5. ಯಾವ ತಿಂಗಳು?

ಹೊಸ ಐಫೋನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಸ್ಯಾಮ್ಸಂಗ್‌ನ ಗ್ಯಾಲಕ್ಸಿ ಎಸ್ ಸರಣಿ ವರ್ಷದ ಆರಂಭದಲ್ಲಿ. ಐಡಿಸಿ ಲೆಕ್ಕದಂತೆ 2023ರ ಇಡೀ ವರ್ಷದ ಜಾಗತಿಕ ರವಾನೆಯಲ್ಲಿ ಆ್ಯಪಲ್ ಪಾಲು ಶೇ 20.1, ಸ್ಯಾಮ್ಸಂಗ್ ಶೇ 19.4. ಮರುತ್ರೈಮಾಸಿಕದಲ್ಲೇ, ಅಂದರೆ 2024ರ ಜನವರಿ-ಮಾರ್ಚ್‌ನಲ್ಲಿ, ಸ್ಯಾಮ್ಸಂಗ್ ಶೇ 20.8, ಆ್ಯಪಲ್ ಶೇ 17.3. ಪಟ್ಟ ಕೈಬದಲಾಯಿಸಿದ್ದರಲ್ಲಿ ಕ್ಯಾಲೆಂಡರಿನ ಪಾತ್ರ ದೊಡ್ಡದು. ಜನವರಿ-ಮಾರ್ಚ್ ಅನ್ನು ಹಿಂದಿನ ವರ್ಷದ ಜನವರಿ-ಮಾರ್ಚ್ ಜೊತೆಗೇ ಹೋಲಿಸಿ.

6. ವೆಬ್ ಎಣಿಕೆಯಾದರೆ

ಸ್ಟ್ಯಾಟ್‌ಕೌಂಟರ್ ಎಂಬ ವೆಬ್ ಅಂಕಿಅಂಶ ಸಂಸ್ಥೆ ಎಣಿಸುವುದು ಫೋನುಗಳನ್ನಲ್ಲ, ತನ್ನ ಕೋಡ್ ಅಳವಡಿಸಿಕೊಂಡ ಜಾಲತಾಣಗಳ ಪುಟವೀಕ್ಷಣೆಯನ್ನು. ಒಬ್ಬರೇ ನೂರು ಪುಟ ತೆರೆದರೆ ನೂರು ಎಣಿಕೆ. ದಿನವಿಡೀ ಆ್ಯಪ್‌ನೊಳಗೇ ಇದ್ದವರು ಸೊನ್ನೆ. ಒಂದು ದೇಶದಲ್ಲಿ ಆ ಕೋಡ್ ಇರುವ ತಾಣಗಳು ಕಡಿಮೆಯಿದ್ದರೆ ನಾಲ್ಕಾರು ತಾಣಗಳೇ ಅಂಕಿಯನ್ನು ಎಳೆದಾಡಬಲ್ಲವು. ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವುದೂ ಯಾವಾಗಲೂ ನಿಜವಲ್ಲ. 2019ರ ಐಪ್ಯಾಡ್‌ಓಎಸ್ 13ರಿಂದೀಚೆಗೆ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಎಂದು ಪರಿಚಯಿಸಿಕೊಳ್ಳುತ್ತದೆ, ಹಾಗಾಗಿ ಟ್ಯಾಬ್ಲೆಟ್ ಲೆಕ್ಕವೂ ಏರುಪೇರಾಗುತ್ತದೆ.

7. ವ್ಯತ್ಯಾಸ ಎಷ್ಟು?

ಪಾಲು ಶೇ 20ರಿಂದ ಶೇ 22ಕ್ಕೆ ಹೋದರೆ ಏರಿದ್ದು 2 ಶೇಕಡಾ ಅಂಶ. ಬೆಳವಣಿಗೆ ಎಂದರೆ ಶೇ 10. ಜಾಹೀರಾತು ಎರಡನೆಯದನ್ನು ಹೇಳುತ್ತದೆ, ಎದುರಾಳಿ ಮೊದಲನೆಯದನ್ನು. ಅಂತರ ತೀರಾ ಸಣ್ಣದಾದರೆ ಗೆದ್ದವರನ್ನು ಘೋಷಿಸುವ ಗೋಜಿಗೇ ಹೋಗಬೇಡಿ. ಐಡಿಸಿ ಕೂಡ 0.1 ಶೇಕಡಾ ಅಂಶ ಅಥವಾ ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಸಮಬಲ ಎಂದೇ ಪಟ್ಟಿ ಮಾಡುತ್ತದೆ.