ಮಂಗಳದ ಬತ್ತಿದ ನದಿಗಳನ್ನು ನಕ್ಷೆಗೆ ಇಳಿಸಿದ ನನ್ನ ಅನುಭವ

ಭೂನಕ್ಷೆಗಳನ್ನು ತಯಾರಿಸುವುದು ನನ್ನ ವೃತ್ತಿ. ಜಲಾನಯನ ಪ್ರದೇಶಗಳನ್ನು ಗುರುತಿಸಲು ದಿನವೂ ಬಳಸುವ ಸಾಧನಗಳನ್ನೇ ಬಿಡುವಿನ ವೇಳೆಯಲ್ಲಿ ಮಂಗಳ ಗ್ರಹದತ್ತ ತಿರುಗಿಸಿದೆ. ನನಗೆ ಎರಡು ನಕ್ಷೆಗಳು ಬೇಕಾಗಿದ್ದವು. ಒಂದು, ಅಲ್ಲಿ ನೀರು ಎಲ್ಲಿ ಹರಿದಿತ್ತು ಎಂಬುದರದು. ಇನ್ನೊಂದು, ಮನುಷ್ಯ ಅಲ್ಲಿ ಎಲ್ಲಿ ನೆಲೆಸಬಹುದು ಎಂಬುದರದು. ನದಿ ಇದ್ದಲ್ಲಿ ನಾಗರಿಕತೆ ಎಂದು ಕಲಿತು ಬೆಳೆದ ನಮಗೆ ಎರಡೂ ಒಂದೇ ನಕ್ಷೆ ಆಗಬಹುದು ಎನ್ನಿಸುವುದು ಸಹಜ. ಒಂದರ ಮೇಲೊಂದು ಇಟ್ಟು ನೋಡಿದಾಗ ಅವು ಬಹುಮಟ್ಟಿಗೆ ಹೊಂದುವುದೇ ಇಲ್ಲ.

ಈ ಕೆಲಸಕ್ಕೆ ಬೇಕಾದ ಮಾಹಿತಿ ಎಲ್ಲವೂ ಉಚಿತವಾಗಿ ಸಿಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು. 2006ರಿಂದ ಮಂಗಳವನ್ನು ಸುತ್ತುತ್ತಿರುವ ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್ ನೌಕೆಯ ಸಿಟಿಎಕ್ಸ್ ಕ್ಯಾಮೆರಾ ಸುಮಾರು 6 ಮೀಟರ್ ಅಗಲದ ವಸ್ತುವನ್ನು ಒಂದು ಚುಕ್ಕೆಯಾಗಿ ತೋರಿಸುತ್ತದೆ. ಅದೇ ನೌಕೆಯ ಹೈರೈಸ್ ಕ್ಯಾಮೆರಾದ ಚುಕ್ಕೆ 25ರಿಂದ 30 ಸೆಂಟಿಮೀಟರ್ ಮಾತ್ರ. ಎತ್ತರದ ಲೆಕ್ಕಕ್ಕೆ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಲೇಸರ್ ಮಾಪಕವಾದ ಮೋಲಾ ಇದೆ. ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಮಾರ್ಸ್ ತಂತ್ರಾಂಶದಲ್ಲಿ ಇವೆಲ್ಲವನ್ನೂ ಪದರಪದರವಾಗಿ ತೆರೆಯಬಹುದು. ನಾನು ಹುಡುಕುವುದಕ್ಕೆ ಜೆಮಾರ್ಸ್ ಅನ್ನೂ, ಗೆರೆ ಎಳೆಯುವುದಕ್ಕೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶವನ್ನೂ ಬಳಸಿದೆ.

ಮೊದಲ ಕೆಲಸ ತಂತ್ರಾಂಶಕ್ಕೆ ಭೂಮಿಯನ್ನು ಮರೆಸುವುದು. ನಾವು ಬೇರೆ ಹೇಳದಿದ್ದರೆ ಅದು ಭೂಮಿಯ ಗಾತ್ರವನ್ನೇ ಹಿಡಿದು ದೂರ ಅಳೆಯುತ್ತದೆ. ಸಮಭಾಜಕದಲ್ಲಿ ಮಂಗಳದ ತ್ರಿಜ್ಯ 3396.19 ಕಿಲೋಮೀಟರ್, ಈ ಸಂಖ್ಯೆಯನ್ನು ನಮೂದಿಸದೆ ಅಳೆದ ನದಿ ತನ್ನ ನಿಜವಾದ ಉದ್ದದ ಸುಮಾರು ಎರಡು ಪಟ್ಟು ತೋರುತ್ತದೆ. ಹಳೆಯ ನಕ್ಷೆಗಳಲ್ಲಿ ರೇಖಾಂಶವನ್ನು ಪಶ್ಚಿಮಕ್ಕೂ ಈಗಿನವುಗಳಲ್ಲಿ ಪೂರ್ವಕ್ಕೂ ಎಣಿಸುತ್ತಾರೆ, ಅದನ್ನೂ ಗಮನಿಸಬೇಕು. ಇನ್ನು ಸಮುದ್ರವಿಲ್ಲದ ಗ್ರಹದಲ್ಲಿ ಸಮುದ್ರಮಟ್ಟ ಎಲ್ಲಿಂದ ಬರಬೇಕು? ಅಲ್ಲಿ ಗುರುತ್ವದ ಲೆಕ್ಕದಿಂದ ಒಂದು ಸೊನ್ನೆ ಮಟ್ಟವನ್ನು ಗೊತ್ತುಮಾಡಿದ್ದಾರೆ. ಎತ್ತರ, ಆಳಗಳೆಲ್ಲ ಅದರಿಂದಲೇ.

ಬೆಳಕಿನ ದಿಕ್ಕು ಇನ್ನೂ ಮುಖ್ಯ. ಈ ಆರ್ಬಿಟರ್ ಹಗಲಿನಲ್ಲಿ ಚಿತ್ರ ತೆಗೆಯುವುದು ಅಲ್ಲಿನ ಮಧ್ಯಾಹ್ನ ಸುಮಾರು ಮೂರು ಗಂಟೆಗೆ. ಸೂರ್ಯ ಆಗ ಪಶ್ಚಿಮದಲ್ಲಿರುತ್ತಾನೆ. ಉತ್ತರವನ್ನು ಮೇಲಿಟ್ಟು ನೋಡಿದರೆ ಬೆಳಕು ಎಡಗಡೆಯಿಂದ ಬೀಳುತ್ತದೆ. ಹಾಗಾಗಿ ತಗ್ಗಿನ ಬಲಗೋಡೆ ಬೆಳಗಿರುತ್ತದೆ, ದಿಬ್ಬದ ಎಡಮೈ ಬೆಳಗಿರುತ್ತದೆ. ಪ್ರತಿ ಚಿತ್ರವನ್ನು ತೆರೆದಾಗಲೂ ಮೊದಲು ಒಂದು ಚಿಕ್ಕ ಉಲ್ಕಾಕುಳಿಯನ್ನು ಹುಡುಕಿ ಕಣ್ಣನ್ನು ಅದಕ್ಕೆ ಒಗ್ಗಿಸಿಕೊಳ್ಳುತ್ತೇನೆ. ಮಂಗಳದಲ್ಲಿ ಇದನ್ನು ಬಿಡುವಂತಿಲ್ಲ. ಏಕೆಂದರೆ ಅಲ್ಲಿ ಎಷ್ಟೋ ನದಿಪಾತ್ರಗಳು ತಗ್ಗಿನಲ್ಲಿಲ್ಲ, ದಿಬ್ಬಗಳಾಗಿ ನಿಂತಿವೆ. ನದಿಯ ತಳದ ಮರಳು, ಜಲ್ಲಿಗಳು ಗಟ್ಟಿಯಾಗಿ ಕಲ್ಲಾದವು. ಅಕ್ಕಪಕ್ಕದ ನುಣುಪು ಮಣ್ಣನ್ನು ಗಾಳಿ ಕೋಟ್ಯಂತರ ವರ್ಷ ಕೊರೆದು ಒಯ್ದಿತು. ಕೊನೆಗೆ ಉಳಿದದ್ದು ತಲೆಕೆಳಗಾದ ನದಿ. ಎಬರ್ಸ್‌ವಾಲ್ಡೆ ಕುಳಿಯ ಮುಖಜಭೂಮಿಯಲ್ಲಿ ಅಂತಹ ಉಬ್ಬುಪಾತ್ರಗಳು ಬಾಗಿ ಬಳಸಿ, ಒಂದನ್ನೊಂದು ದಾಟಿ ಹೋಗಿರುವುದನ್ನು ನೋಡಿದವರಿಗೆ ಅಲ್ಲಿ ನೀರು ಒಮ್ಮೆ ನುಗ್ಗಿ ಹೋದದ್ದಲ್ಲ, ಬಹುಕಾಲ ಹರಿದು ದಾರಿ ಬದಲಿಸುತ್ತ ಇತ್ತು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಅಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ಜೆಜೆರೊ ಕುಳಿಯನ್ನು. ಸುಮಾರು 45 ಕಿಲೋಮೀಟರ್ ವ್ಯಾಸದ ಈ ಕುಳಿಯಲ್ಲಿ ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರುವರಿ 18ರಂದು ಇಳಿಯಿತು. ಮೇಲಿನಿಂದ ನೋಡಿ ನಾವು ಊಹಿಸಿದ್ದನ್ನು ನೆಲದ ಮೇಲೆ ಒಂದು ಯಂತ್ರ ಪರೀಕ್ಷಿಸಿರುವ ಜಾಗ ಇದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಭೂಮಿಯಲ್ಲಿ ಜಲಾನಯನ ಪ್ರದೇಶವನ್ನು ತಂತ್ರಾಂಶವೇ ಬಿಡಿಸಿಕೊಡುತ್ತದೆ. ಎತ್ತರದ ಮಾಹಿತಿ ಕೊಟ್ಟರೆ ನೀರು ಯಾವ ಕಡೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಗೆರೆ ಎಳೆಯುತ್ತದೆ. ಅದಕ್ಕೂ ಮೊದಲು ಮೇಲ್ಮೈಯಲ್ಲಿರುವ ಬಿಡಿ ತಗ್ಗುಗಳನ್ನೆಲ್ಲ ಮಾಹಿತಿಯ ದೋಷವೆಂದು ಭಾವಿಸಿ ತುಂಬಿಬಿಡುತ್ತದೆ. ಮಂಗಳದಲ್ಲಿ ಆ ತಗ್ಗುಗಳು ದೋಷವಲ್ಲ, ಉಲ್ಕೆ ಬಿದ್ದು ಆದ ಕುಳಿಗಳು. ಕೆಲವು ನದಿಗಿಂತ ಹಳೆಯವು. ನೀರು ಅವುಗಳನ್ನು ತುಂಬಿ ಮುಂದೆ ಹರಿದಿತ್ತು. ಕೆಲವು ನದಿ ಬತ್ತಿದ ಮೇಲೆ ಪಾತ್ರದ ನಡುವೆಯೇ ಬಿದ್ದವು. ಯಾವುದು ಯಾವ ಬಗೆಯದು ಎಂಬುದನ್ನು ಅಂಚು ನೋಡಿ ಒಂದೊಂದಾಗಿ ತೀರ್ಮಾನಿಸಬೇಕು. ಅಂಚು ಚೂಪಾಗಿದ್ದು, ಸಿಡಿದ ಕಲ್ಲುಮಣ್ಣು ಪಾತ್ರದ ಮೇಲೆ ಹರಡಿದ್ದರೆ ಕುಳಿ ಕಿರಿಯದು. ಅಂಚು ಸವೆದು ಒಂದು ಕಡೆ ನೀರು ಕೊರೆದ ಬಾಯಿ ಇದ್ದರೆ ಹಿರಿಯದು. ಮೋಲಾದ ಲೇಸರ್ ಸಾಲುಗಳ ನಡುವೆ ಖಾಲಿ ಜಾಗಗಳಿರುವುದರಿಂದ ಕಿರಿದಾದ ಕಾಲುವೆಗಳು ಅದರಲ್ಲಿ ಮಾಯವಾಗುತ್ತವೆ. ಅಂತಹ ಕಡೆ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಜೋಡಿಚಿತ್ರಗಳಿಂದ ಸಿದ್ಧವಾದ ಎತ್ತರದ ನಕ್ಷೆಯನ್ನು ಹಾಸಿಕೊಂಡು ಕೈಯಿಂದಲೇ ಗೆರೆ ಎಳೆದೆ. ನಿಧಾನದ ಕೆಲಸ, ಆದರೆ ನೆಲದ ಪರಿಚಯ ಆಗುವುದು ಇದರಲ್ಲಿಯೇ.

ಹೀಗೆ ಎಳೆದಾಗ ಜೆಜೆರೊದ ರೂಪ ಸ್ಪಷ್ಟವಾಗುತ್ತದೆ. ಪಶ್ಚಿಮದಿಂದ ನೆರೆಟ್ವಾ ಕಣಿವೆ ಕುಳಿಯ ಗೋಡೆಯನ್ನು ಸೀಳಿ ಒಳಬರುತ್ತದೆ. ಬಂದಲ್ಲಿ ಮುಖಜಭೂಮಿ ಬೀಸಣಿಗೆಯಂತೆ ಹರಡಿದೆ. ಪೂರ್ವದ ಅಂಚಿನಲ್ಲಿ ಪ್ಲಿವಾ ಕಣಿವೆ ಹೊರಹೋಗುತ್ತದೆ, ಅದೇ ಈ ಕೆರೆಯ ಕೋಡಿ. ಆ ಕೋಡಿಯ ಮಟ್ಟ ಸೊನ್ನೆಗಿಂತ ಸುಮಾರು 2400 ಮೀಟರ್ ಕೆಳಗಿದೆ, ಆದರೂ ಕುಳಿಯ ತಳಕ್ಕಿಂತ ಸಾಕಷ್ಟು ಮೇಲಿದೆ. ನೀರು ಅಷ್ಟು ಎತ್ತರಕ್ಕೆ ಏರದೆ ಹೊರಗೆ ಹರಿಯುವುದು ಸಾಧ್ಯವಿರಲಿಲ್ಲ. ಆ ಎತ್ತರಕ್ಕೆ ಸಮೋನ್ನತಿ ರೇಖೆಯನ್ನು ಎಳೆದು ಅದರ ಒಳಭಾಗಕ್ಕೆ ನೀಲಿ ತುಂಬಿದರೆ ಕೋಡಿ ಬಿದ್ದ ಕಾಲದ ಕೆರೆ ಕಣ್ಣೆದುರು ಬರುತ್ತದೆ. ನನ್ನ ವೃತ್ತಿಯಲ್ಲಿ ಇಷ್ಟು ಸಂತೋಷ ಕೊಟ್ಟ ಗೆರೆ ಬೇರೊಂದಿಲ್ಲ.

ಆದರೆ ಮೇಲಿನಿಂದ ಸಿಗುವುದು ಕೆರೆಯ ಗರಿಷ್ಠ ಮಟ್ಟ ಮಾತ್ರ. ರೋವರ್ ದೂರದಿಂದ ಕೋಡಿಯಾಕ್ ಎಂಬ ಗುಡ್ಡದ ಕಡಿದಾದ ಮುಖವನ್ನು ಚಿತ್ರಿಸಿದಾಗ ಅದರಲ್ಲಿ ಇಳಿಜಾರಾದ ಹೂಳಿನ ಪದರಗಳೂ ಅವುಗಳ ಮೇಲೆ ಮಟ್ಟಸವಾದ ಪದರಗಳೂ ಕಂಡವು. ನಿಂತ ನೀರಿಗೆ ನದಿ ಸೇರುವಲ್ಲಿ ಹೂಳು ಕೂರುವುದು ಹಾಗೆಯೇ. ಎರಡು ಬಗೆಯ ಪದರಗಳು ಸೇರುವ ಮಟ್ಟ ಆಗಿನ ನೀರಿನ ಮಟ್ಟವನ್ನು ತೋರಿಸುತ್ತದೆ. ಅದು ಕೋಡಿಗಿಂತ ಸುಮಾರು 100 ಮೀಟರ್ ಕೆಳಗಿತ್ತು. ಅಂದರೆ ಆ ಹೂಳು ಕೂತ ಕಾಲಕ್ಕೆ ಕೆರೆ ಹೊರಗೆ ಹರಿಯುತ್ತಿರಲಿಲ್ಲ. ಹಾಗಾಗಿ ನನ್ನ ನಕ್ಷೆಯಲ್ಲಿ ಈಗ ಜೆಜೆರೊಗೆ ಎರಡು ದಂಡೆಗಳಿವೆ.

ಹರಿವಿನ ಪ್ರಮಾಣವನ್ನೂ ಅಂದಾಜು ಮಾಡಬಹುದು. ನದಿಯ ತಿರುವುಗಳ ನಡುವಿನ ದೂರ ಸಾಮಾನ್ಯವಾಗಿ ಅದರ ಅಗಲದ ಹತ್ತರಿಂದ ಹದಿನಾಲ್ಕು ಪಟ್ಟು ಇರುತ್ತದೆ. ದಡಗಳು ಸವೆದುಹೋದ ಕಡೆ ತಿರುವುಗಳಿಂದಲೇ ಅಗಲವನ್ನು ಊಹಿಸುತ್ತೇನೆ. ವೇಗದ ಲೆಕ್ಕಕ್ಕೆ ಬರುವಾಗ ಗುರುತ್ವ ಭೂಮಿಯ ಶೇ 38 ಮಾತ್ರ ಎಂಬುದು ನೆನಪಿರಬೇಕು. ಅದೇ ಆಳ, ಅದೇ ಇಳಿಜಾರಿನಲ್ಲಿ ಅಲ್ಲಿನ ನೀರು ಇಲ್ಲಿಯ ವೇಗದ ಶೇ 60ರಷ್ಟರಲ್ಲಿ ಹರಿಯುತ್ತದೆ. ಮರಳೂ ನಿಧಾನವಾಗಿ ತಳ ಸೇರುತ್ತದೆ, ಆದ್ದರಿಂದ ಸಾವಧಾನದ ಹರಿವು ಕೂಡ ಹೂಳನ್ನು ದೂರ ಒಯ್ಯಬಲ್ಲದು.

ಇಷ್ಟು ನೀರು ಹರಿದದ್ದು ಹೆಚ್ಚಾಗಿ 350 ಕೋಟಿ ವರ್ಷಗಳಿಗೂ ಹಿಂದೆ. ಗ್ರಹದ ಒಳಗಿನ ಕಾಂತಕ್ಷೇತ್ರ ನಂದಿತು, ಸೌರಮಾರುತ ವಾತಾವರಣವನ್ನು ಕಿತ್ತುಕೊಂಡು ಹೋಯಿತು. 2014ರಿಂದ ಕೆಲಸ ಮಾಡಿದ ಮೇವನ್ ನೌಕೆ ಈ ಸೋರಿಕೆಯನ್ನು ಅಳೆದಿದೆ. ನೀರಿನ ಒಂದು ಪಾಲು ಆಕಾಶಕ್ಕೆ ಹೋಯಿತು, ಒಂದು ಪಾಲು ಜೇಡಿಮಣ್ಣಿನ ಖನಿಜಗಳಲ್ಲಿ ಸೆರೆಯಾಯಿತು, ಒಂದು ಪಾಲು ಹಿಮವಾಯಿತು. ಈಗಿನ ಸರಾಸರಿ ವಾಯುಒತ್ತಡ ಸುಮಾರು 6 ಮಿಲಿಬಾರ್. ಆ ಒತ್ತಡದಲ್ಲಿ ಹಿಮ ಬೆಚ್ಚಗಾದರೆ ಕರಗುವ ಬದಲು ನೇರವಾಗಿ ಆವಿಯಾಗುತ್ತದೆ. 2008ರಲ್ಲಿ ಫೀನಿಕ್ಸ್ ನೌಕೆ ಉತ್ತರ ಧ್ರುವದ ಸಮೀಪ ನೆಲ ಕೆದಕಿದಾಗ ಹೊರಬಂದ ಬಿಳಿ ಚೂರುಗಳು ಕೆಲವೇ ದಿನಗಳಲ್ಲಿ ಕಾಣದಾದವು.

ಇನ್ನು ಎರಡನೆಯ ನಕ್ಷೆ. ಮನುಷ್ಯರು ಇಳಿಯಬಹುದಾದ ಜಾಗಗಳ ಬಗ್ಗೆ 2015ರಲ್ಲಿ ಹ್ಯೂಸ್ಟನ್‌ನಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತ್ತು. ಅಲ್ಲಿ ಇಟ್ಟುಕೊಂಡ ಮಿತಿಗಳನ್ನೇ ನಾನೂ ಇಟ್ಟುಕೊಂಡೆ. ಜಾಗ ಉತ್ತರ, ದಕ್ಷಿಣಗಳಲ್ಲಿ 50 ಡಿಗ್ರಿ ಅಕ್ಷಾಂಶದ ಒಳಗಿರಬೇಕು, ಇಲ್ಲವಾದರೆ ಚಳಿ ಮತ್ತು ಕತ್ತಲೆ ಮಿತಿಮೀರುತ್ತವೆ. ಎತ್ತರ ಸೊನ್ನೆ ಮಟ್ಟಕ್ಕಿಂತ 2 ಕಿಲೋಮೀಟರ್‌ಗೆ ಮೀರಬಾರದು. ಇಳಿಯುವ ನೌಕೆಯ ವೇಗ ತಗ್ಗಿಸಲು ಇರುವ ತೆಳುಗಾಳಿ ತಗ್ಗಿನಲ್ಲಿ ಸ್ವಲ್ಪವಾದರೂ ದಟ್ಟವಾಗಿರುತ್ತದೆ. ಇವೆರಡರ ಮೇಲೆ ಇಳಿಜಾರು, ಬಂಡೆಗಳು, ದೂಳು ಇವುಗಳ ಪದರಗಳನ್ನು ಸೇರಿಸಿದೆ. ದೂಳನ್ನು ಹಗುರವಾಗಿ ಎಣಿಸಬಾರದು. 2018ರ ಗ್ರಹವ್ಯಾಪಿ ದೂಳುಗಾಳಿಯಲ್ಲಿ ಆಪರ್ಚುನಿಟಿ ರೋವರ್ ಮೌನವಾಯಿತು, 2022ರಲ್ಲಿ ಸೌರಫಲಕಗಳ ಮೇಲೆ ಕೂತ ದೂಳಿನಿಂದ ಇನ್‌ಸೈಟ್ ನೌಕೆ ಕೆಲಸ ನಿಲ್ಲಿಸಿತು.

ಕೊನೆಯದಾಗಿ ಹಿಮದ ಪದರ ಹಾಸಿದೆ. ನಾಸಾದ ಸ್ವಿಮ್ ಯೋಜನೆ ರೇಡಾರ್, ನ್ಯೂಟ್ರಾನ್ ಮಾಪನ, ನೆಲದ ಉಷ್ಣತೆ, ಭೂರೂಪ ಎಲ್ಲವನ್ನೂ ಸೇರಿಸಿ ನೆಲದಡಿಯ ಹಿಮ ಎಲ್ಲಿರಬಹುದೆಂಬ ನಕ್ಷೆಯನ್ನು ಪ್ರಕಟಿಸಿದೆ. ಎರಡು ನಕ್ಷೆಗಳು ಬೇರೆಯಾಗುವುದು ಇಲ್ಲಿಯೇ. ಹಳೆಯ ನದಿಗಳ ಜಾಲ ದಟ್ಟವಾಗಿರುವುದು ದಕ್ಷಿಣದ ಎತ್ತರದ ನೆಲದಲ್ಲಿ, ಸಮಭಾಜಕದ ಆಸುಪಾಸಿನಲ್ಲಿ. ಕೈಗೆಟಕುವ ಹಿಮ ಇರುವುದು ಉತ್ತರದ ಮಧ್ಯ ಅಕ್ಷಾಂಶಗಳ ಬಯಲುಗಳಲ್ಲಿ, ಆರ್ಕೇಡಿಯ, ಯುಟೋಪಿಯ ಪ್ರದೇಶಗಳಲ್ಲಿ. ಜೆಜೆರೊದ ದಂಡೆಯಲ್ಲಿ ಮನೆ ಕಟ್ಟಿದವರು ಕುಡಿಯುವ ನೀರಿಗಾಗಿ ಖನಿಜಗಳನ್ನು ಹುರಿದು ಆವಿ ಹಿಡಿಯಬೇಕಾದೀತು. ಆರ್ಕೇಡಿಯದಲ್ಲಿ ಮಣ್ಣಿನ ಕೆಳಗೆ ಹತ್ತಾರು ಮೀಟರ್ ದಪ್ಪದ ಹಿಮ ಇರುವುದನ್ನು ಅಲ್ಲಿನ ಕುಳಿಗಳೊಳಗಿನ ಮೆಟ್ಟಿಲುಗಳೂ ರೇಡಾರ್ ಪ್ರತಿಧ್ವನಿಯೂ ಸೂಚಿಸುತ್ತವೆ. 2021ರ ಡಿಸೆಂಬರ್ 24ರಂದು 35 ಡಿಗ್ರಿ ಉತ್ತರದಲ್ಲಿ ಉಲ್ಕೆಯೊಂದು ಬಿದ್ದಾಗ ಹಿಮದ ದೊಡ್ಡ ತುಂಡುಗಳು ಹೊರಗೆ ಚೆಲ್ಲಿದವು. ಅಷ್ಟು ಬೆಚ್ಚಗಿನ ಅಕ್ಷಾಂಶದಲ್ಲಿ ಹಿಮವಿದೆ ಎಂಬುದು ವಸತಿಯ ಬಗ್ಗೆ ಯೋಚಿಸುವವರಿಗೆ ದೊಡ್ಡ ಸುದ್ದಿ.

ಎರಡೂ ನಕ್ಷೆಗಳು ಪರಸ್ಪರ ತಾಕುವ ಅಪರೂಪದ ಜಾಗಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಡ್ಯೂಟರೋನಿಲಸ್ ಮೆನ್ಸೆ. 40 ಡಿಗ್ರಿ ಉತ್ತರದ ಆಚೀಚೆ, ದಕ್ಷಿಣದ ಎತ್ತರದ ನೆಲ ಉತ್ತರದ ಬಯಲಿಗೆ ಇಳಿಯುವ ಅಂಚು ಅದು. ಅಲ್ಲಿನ ಚಪ್ಪಟೆ ಬೆಟ್ಟಗಳ ಬುಡದಲ್ಲಿ ಕಲ್ಲುಮಣ್ಣು ಹೊದ್ದು ಮಲಗಿರುವ ಹಿಮನದಿಗಳನ್ನು ರೇಡಾರ್ ಖಚಿತಪಡಿಸಿದೆ. ದಪ್ಪ ನೂರಾರು ಮೀಟರ್. ಮೇಮರ್ಸ್ ಎಂಬ ಪ್ರಾಚೀನ ಕಣಿವೆ ಈ ಪ್ರದೇಶವನ್ನು ಹಾದು ಹೋಗುತ್ತದೆ, ಅದರ ತಳದಲ್ಲಿಯೂ ಹಿಮ ತುಂಬಿದ ಗೆರೆಗೆರೆ ನೆಲವಿದೆ. ಗ್ರಹದ ಅಕ್ಷ ಈಗಿಗಿಂತ ಹೆಚ್ಚು ವಾಲಿದ್ದ ಕಾಲದಲ್ಲಿ ಧ್ರುವಗಳ ಹಿಮ ಇಲ್ಲಿಗೆ ಸರಿದು ಬಂದು ಬಿದ್ದದ್ದು. ನಮ್ಮ ಭೂಮಿಯ ದಕ್ಷಿಣ ಧ್ರುವದ ಸಂಶೋಧನಾ ಕೇಂದ್ರದಲ್ಲಿ ಹಿಮದೊಳಗೆ ಬಿಸಿನೀರು ಇಳಿಸಿ, ಕರಗಿದ ಗುಳಿಯಿಂದ ನೀರು ಮೇಲೆತ್ತುವ ಬಾವಿಗಳಿವೆ. ಅದೇ ವಿಧಾನ ಡ್ಯೂಟರೋನಿಲಸ್‌ನಲ್ಲಿಯೂ ನಡೆಯಬಹುದು, ಮೇಲಿನ ಕಲ್ಲುಹೊದಿಕೆ ಕೆಲವೇ ಮೀಟರ್ ಇದ್ದರೆ. ರೇಡಾರ್‌ಗೆ ಮೇಲಿನ ಹತ್ತು ಹದಿನೈದು ಮೀಟರ್ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಮುಂದೆ ಹೋಗಬೇಕಾದ ಮೊದಲ ಯಂತ್ರ ಒಂದು ಕೊರೆಯುವ ಯಂತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರು ಸಿಕ್ಕಿದರೂ ಬದುಕು ಸುಲಭವಲ್ಲ. ಮಣ್ಣಿನಲ್ಲಿರುವ ಪರ್ಕ್ಲೋರೇಟ್ ಲವಣಗಳು ಥೈರಾಯ್ಡ್ ಗ್ರಂಥಿಗೆ ಹಾನಿಕರ, ಅವನ್ನು ಬೇರ್ಪಡಿಸದೆ ನೀರು ಕುಡಿಯುವಂತಿಲ್ಲ. ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ ಅಳೆದ ವಿಕಿರಣ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್; ಭೂಮಿಯಲ್ಲಿ ನೈಸರ್ಗಿಕವಾಗಿ ವರ್ಷಕ್ಕೆ ಸಿಗುವಷ್ಟು ಅಲ್ಲಿ ನಾಲ್ಕು ದಿನದೊಳಗೆ ಸಿಗುತ್ತದೆ. ವಸತಿಯ ಮೇಲೆ ಮೀಟರ್‌ಗಟ್ಟಲೆ ಮಣ್ಣು ಹೊದಿಸಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಆಮ್ಲಜನಕ ತೆಗೆಯಬಹುದೆಂದು ಪರ್ಸಿವಿಯರೆನ್ಸ್‌ನ ಮಾಕ್ಸಿ ಉಪಕರಣ ತೋರಿಸಿಕೊಟ್ಟಿತು. 2023ರಲ್ಲಿ ಪ್ರಯೋಗ ಮುಗಿಯುವ ಹೊತ್ತಿಗೆ ಅದು ತೆಗೆದದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಸುಮಾರು 840 ಗ್ರಾಂ ಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ನೆರೆಟ್ವಾ ಕಣಿವೆಯಲ್ಲಿ ಒಂದು ಬಂಡೆಯನ್ನು ಕೊರೆದು ಮಾದರಿ ತೆಗೆದುಕೊಂಡಿತು. ನಾನು ಗೆರೆ ಎಳೆದಿದ್ದ ಅದೇ ಕಣಿವೆ. ಆ ಬಂಡೆಯ ಮೇಲಿನ ಚುಕ್ಕೆಗಳಲ್ಲಿ ಕಂಡ ಕಬ್ಬಿಣದ ಖನಿಜಗಳು ಪ್ರಾಚೀನ ಸೂಕ್ಷ್ಮಜೀವಿಗಳ ಕುರುಹಾಗಿರಬಹುದು, ಜೀವವಿಲ್ಲದ ರಾಸಾಯನಿಕ ಕ್ರಿಯೆಯೂ ಆಗಿರಬಹುದು ಎಂದು 2025ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಿಡಿಸಿ ಹೇಳಲು ಮಾದರಿ ಭೂಮಿಯ ಪ್ರಯೋಗಾಲಯಕ್ಕೆ ಬರಬೇಕು. ಮನುಷ್ಯ ಕಾಲಿಟ್ಟಲ್ಲಿ ಅವನ ಚರ್ಮ, ಉಸಿರು, ಹೊಟ್ಟೆಗಳಲ್ಲಿರುವ ಸೂಕ್ಷ್ಮಜೀವಿಗಳೂ ಕಾಲಿಡುತ್ತವೆ. ಹಿಮ ಕರಗಿಸುವ ಬೆಚ್ಚಗಿನ ಬಾವಿ ಅವುಗಳಿಗೆ ಒಳ್ಳೆಯ ಆಶ್ರಯ. ಆಮೇಲೆ ಅಲ್ಲಿ ಜೀವ ಸಿಕ್ಕರೆ ಅದು ಯಾರದು ಎಂದು ಹೇಗೆ ಹೇಳುವುದು? ಅದಕ್ಕಾಗಿ ನನ್ನ ನಕ್ಷೆಗೆ ಇನ್ನೊಂದು ಪದರ ಸೇರಿಸಿದ್ದೇನೆ. ಮುಖಜಭೂಮಿಗಳು, ಕೆರೆತಳಗಳು, ಜೇಡಿಮಣ್ಣಿನ ನೆಲಗಳು ಇವೆಲ್ಲ ಅದರಲ್ಲಿ ಮನುಷ್ಯರಿಗೆ ಮುಚ್ಚಿದ ಪ್ರದೇಶಗಳು, ರೋವರ್‌ಗಳು ಮಾತ್ರ ಹೋಗತಕ್ಕವು. ಡ್ಯೂಟರೋನಿಲಸ್‌ನಲ್ಲಿ ವಸತಿಗೆ ಗುರುತಿಸಿದ ಜಾಗವನ್ನೂ ಮೇಮರ್ಸ್ ಕಣಿವೆಯಿಂದ ದೂರಕ್ಕೆ, ಒಂದು ಒಂಟಿ ಬೆಟ್ಟದ ಬುಡದ ಹಿಮನದಿಯ ಅಂಚಿಗೆ ಸರಿಸಿದ್ದೇನೆ. ಅಲ್ಲಿನ ಹೈರೈಸ್ ಜೋಡಿಚಿತ್ರಗಳಿಂದ ಇಳಿಜಾರಿನ ಲೆಕ್ಕ ಈಗ ನಡೆಯುತ್ತಿದೆ.