ಪಂಚಾಯಿತಿ ಮೋಟಾರು ಊರಲ್ಲೇ ರಿಪೇರಿ: ಗ್ರಾಮಸಭೆಯಲ್ಲಿ ಕೆಲಸ ಕೇಳುವ ಬಗೆ

ಬೇಸಿಗೆಯಲ್ಲಿ ಪಂಚಾಯಿತಿ ಬೋರ್‌ವೆಲ್ ಮೋಟಾರು ಸುಟ್ಟರೆ ಅದನ್ನು ಮೇಲೆತ್ತಿ ತಾಲ್ಲೂಕು ಕೇಂದ್ರಕ್ಕೆ ಸಾಗಿಸುತ್ತಾರೆ. ಅದು ವಾಪಸ್ ಬರುವ ತನಕ ಹೆಂಗಸರು ಕೊಡ ಹಿಡಿದು ಅಲೆಯುತ್ತಾರೆ. ಆ ರಿಪೇರಿ ಊರಿನ ಇಬ್ಬರು ಹುಡುಗರ ಕೈಗೆ ಸಿಗಬಹುದು. ಆದರೆ ಗ್ರಾಮಸಭೆಯಲ್ಲಿ ಎದ್ದು ‘ಯುವಕರಿಗೆ ಉದ್ಯೋಗ ಕೊಡಿ’ ಎಂದರೆ ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂದಷ್ಟೇ ಬರುತ್ತದೆ.

ಮೊದಲು ಲೆಕ್ಕ ತೆಗೆಯಿರಿ. ಕುಡಿಯುವ ನೀರಿನ ಬೋರ್‌ವೆಲ್ ಎಷ್ಟು, ಎರಡು ವರ್ಷದಲ್ಲಿ ಎಷ್ಟು ಮೋಟಾರು ರಿವೈಂಡಿಂಗ್‌ಗೆ (ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತಿಸಲು) ಹೋದವು, ಒಂದೊಂದರ ಬಿಲ್ ಎಷ್ಟು? ಸಂಖ್ಯೆಗಳನ್ನು ನೀರುಗಂಟಿಯೇ ಹೇಳಬಲ್ಲರು. ಬಿಲ್ ಪ್ರತಿ ಸಿಗದಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆದ್ದರಿಂದ ಸಭೆಗೆ ಎರಡು ತಿಂಗಳು ಮುಂಚೆಯೇ ಹಾಕಬೇಕು. ರೈತರ ಪಂಪ್‌ಸೆಟ್‌ಗಳನ್ನೂ ಎಣಿಸಿ. ಪಂಚಾಯಿತಿ ಬಿಲ್ ಪಾಸಾಗುವುದು ತಡ, ಅದೊಂದನ್ನೇ ನಂಬಿ ಅಂಗಡಿ ತೆರೆದರೆ ಬಾಡಿಗೆಗೂ ಕಾಸಿರುವುದಿಲ್ಲ.

ಕೆಲಸ ಕಲಿಯಲು ಆರ್‌ಸೆಟಿಗಳಿವೆ. ಇವು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯವು. ಮೋಟಾರು ರಿವೈಂಡಿಂಗ್ ತರಬೇತಿ 30 ದಿನ, ಊಟ-ವಸತಿ ಉಚಿತ. ಅಷ್ಟಕ್ಕೇ ಕೈ ಪಳಗುವುದಿಲ್ಲ. ಆಮೇಲೆ ಮೂರ್ನಾಲ್ಕು ತಿಂಗಳು ಅನುಭವಿ ಮೆಕ್ಯಾನಿಕ್ ಬಳಿ ದುಡಿಯಿರಿ. ಸುಟ್ಟ ಕಾಯಿಲ್ ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪ ಮೈಕ್ರೋಮೀಟರ್‌ನಲ್ಲಿ ಅಳೆದು, ಕನೆಕ್ಷನ್ ಸಮೇತ ಪುಸ್ತಕದಲ್ಲಿ ಬರೆದಿಡಬೇಕು. ಸುತ್ತು ಕಡಿಮೆಯಾದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಮತ್ತೆ ಸುಡುತ್ತದೆ. ನೀರು ತುಂಬಿದ ಸಬ್‌ಮರ್ಸಿಬಲ್‌ಗೆ ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಬೇಕು. ಮೋಟಾರು ಇಳಿಸುವ ಮುನ್ನ ಅದು ಸುಟ್ಟದ್ದೇಕೆ ಎಂದು ನೋಡಿ: ಒಂದು ಫೇಸ್ ಹೋಗಿತ್ತೇ, ನೀರಿಲ್ಲದೆ ಓಡಿತ್ತೇ, ಕರೆಂಟ್ ಹೆಚ್ಚಾದರೆ ಮೋಟಾರು ನಿಲ್ಲಿಸುವ ಸ್ಟಾರ್ಟರ್‌ನ ರಿಲೇ ಕೆಲಸ ಮಾಡುತ್ತಿದೆಯೇ? ಇದನ್ನು ಬಿಟ್ಟರೆ ವಾರದಲ್ಲೇ ಅದೇ ಮೋಟಾರು ವಾಪಸ್ ಬರುತ್ತದೆ, ಹೆಸರು ಕೆಡುವುದು ನಿಮ್ಮದು.

ಬೇಡಿಕೆಯನ್ನು ಮೊದಲು ವಾರ್ಡ್ ಸಭೆಗೆ ತನ್ನಿ. ಅಲ್ಲಿ ಕೋರಂಗೆ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ) ಮತದಾರರ ಶೇ 10 ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮಸಭೆಗೆ ಶೇ 10 ಅಥವಾ 100 ಜನ. ಹಾಜರಾದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗುವುದೇ ಹೆಚ್ಚು, ಹಾಗಾಗಿ ಸ್ವಸಹಾಯ ಸಂಘದ ಅಕ್ಕಂದಿರಿಗೆ ಮೊದಲೇ ವಿಷಯ ತಿಳಿಸಿ. ನೀರಿನ ಕಷ್ಟ ಗೊತ್ತಿರುವವರು ಅವರೇ.

ಅರ್ಜಿ ಹೀಗಿರಲಿ: ‘ಬಸ್ ನಿಲ್ದಾಣದ ಪಕ್ಕದ ಖಾಲಿ ಮಳಿಗೆಯನ್ನು ಮೋಟಾರು ರಿಪೇರಿಗೆ ನಿಯಮದಂತೆ ಬಾಡಿಗೆಗೆ ಕೊಡಬೇಕು, ಪಂಚಾಯಿತಿ ಮೋಟಾರು ರಿಪೇರಿಗೆ ದರಪಟ್ಟಿ ಕರೆಯುವಾಗ ನಮಗೂ ತಿಳಿಸಬೇಕು.’ ಕೆಲಸ ನಮಗೇ ಕೊಡಿ ಎಂದು ಬರೆಯಬೇಡಿ, ಖರೀದಿ ನಿಯಮ ಅದಕ್ಕೆ ಒಪ್ಪುವುದಿಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸಿ. ಸಭೆ ಮುಗಿದ ಮೇಲೆ ನಿಮ್ಮ ವಿಷಯ ನಡಾವಳಿ ಪುಸ್ತಕಕ್ಕೆ ಯಾವ ಮಾತಿನಲ್ಲಿ ಇಳಿದಿದೆ ಎಂದು ಓದಿ ನೋಡಿ, ನಕಲು ಕೇಳಿ ಪಡೆಯಿರಿ. ದರಪಟ್ಟಿ ಕರೆಯುವ ಹೊತ್ತಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಉಚಿತ), ಅಂಗಡಿ ಹೆಸರಿನ ಬ್ಯಾಂಕ್ ಖಾತೆ ಮತ್ತು ಅಚ್ಚಾದ ಬಿಲ್ ಪುಸ್ತಕ ಕೈಯಲ್ಲಿರಲಿ.