ಪೆನ್ಸಿಲ್ ತಡವಾಗಿ ಕೊಟ್ಟು ಬರವಣಿಗೆ ಕಲಿಸಿದ ನನ್ನ ಅನುಭವ

ಶಿಶುವಿಹಾರದ ಮಕ್ಕಳಿಗೆ ಕೈ ಹದವಾಗುವವರೆಗೆ ಪೆನ್ಸಿಲ್ ಕೊಟ್ಟು ಅಕ್ಷರ ತಿದ್ದಿಸುವುದಿಲ್ಲ ಎಂದು ನಾನು ತೀರ್ಮಾನಿಸಿದಾಗ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಪೋಷಕರಂತೂ ಪಕ್ಕದ ತರಗತಿಯ ಮಕ್ಕಳ ತುಂಬಿದ ನೋಟ್‌ಬುಕ್ಕುಗಳನ್ನು ತಂದು ತೋರಿಸಿದರು. ಹೀಗೆ ಕಲಿತ ಮಕ್ಕಳು ಮುಂದಿನ ತರಗತಿಗೆ ಹೋದ ಮೇಲೆ ಆ ಅನುಮಾನಗಳು ನಿಂತಿವೆ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲಿನ ಒಂದೆರಡು ವರ್ಷ ಹಣ ಸುರಿದದ್ದೇ ಬಂತು. ಸಾಮಗ್ರಿಗೆಂದು ಸಿಗುತ್ತಿದ್ದ ಮೊತ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಚುಕ್ಕಿ ಅಕ್ಷರ ತಿದ್ದುವ ಪುಸ್ತಕಗಳಿಗೆ, ಮೂರು ಮೂಲೆಯ ದಪ್ಪ ಪೆನ್ಸಿಲ್‌ಗಳಿಗೆ, ಅವಕ್ಕೆ ಸಿಕ್ಕಿಸುವ ರಬ್ಬರ್ ಹಿಡಿಕೆಗಳಿಗೆ ಹೋಯಿತು. ಹಿಡಿಕೆ ಸಿಕ್ಕಿಸಿದರೂ ಮಕ್ಕಳ ಮುಷ್ಟಿ ಬಿಚ್ಚಲಿಲ್ಲ. ಚುಕ್ಕಿಗಳ ಮೇಲೆ ಗೆರೆ ಎಳೆಯುವ ಮಗುವಿನ ಕಣ್ಣು ಮುಂದಿನ ಚುಕ್ಕಿಯ ಮೇಲಷ್ಟೇ ಇರುತ್ತದೆ; ಅಕ್ಷರವನ್ನು ಎಲ್ಲಿ ಆರಂಭಿಸಿ ಎತ್ತ ಸುತ್ತಬೇಕೆಂಬುದು ಕೈಗೆ ಕೂರುವುದೇ ಇಲ್ಲ. ಪುಸ್ತಕವನ್ನು ಪೂರ್ತಿ ತುಂಬಿಸಿದ ಮಕ್ಕಳಲ್ಲೇ ಅರ್ಧದಷ್ಟು ಮಂದಿಗೆ ಬಿಳಿ ಹಾಳೆಯ ಮೇಲೆ ಅದೇ ಅಕ್ಷರ ಬರುತ್ತಿರಲಿಲ್ಲ.

ದೇಹದ ಹಿಡಿತ ಭುಜದಿಂದ ಬೆರಳ ತುದಿಯತ್ತ ಬೆಳೆಯುತ್ತದೆ ಎಂಬುದನ್ನು ನಾವೆಲ್ಲರೂ ತರಬೇತಿಯಲ್ಲಿ ಓದಿದವರೇ. ನಾನು ವೇಳಾಪಟ್ಟಿಯನ್ನೂ ಅದೇ ಕ್ರಮಕ್ಕೆ ಹೊಂದಿಸಿದೆ. ಮೊದಲ ಮೂರು-ನಾಲ್ಕು ತಿಂಗಳು ಎಲ್ಲವೂ ಗೋಡೆಯ ಮೇಲೆಯೇ: ಒದ್ದೆ ಸ್ಪಂಜಿನಿಂದ ಕಪ್ಪುಹಲಗೆ ಒರೆಸುವುದು, ಅಗಲವಾದ ಕುಂಚವನ್ನು ನೀರಿನಲ್ಲಿ ಅದ್ದಿ ತೋಳು ಚಾಚಿ ದೊಡ್ಡ ಸುತ್ತುಗಳನ್ನು ಎಳೆಯುವುದು. ನೆಟ್ಟಗಿನ ಮೇಲ್ಮೈಯಲ್ಲಿ ಎಳೆಯುವಾಗ ಮಣಿಕಟ್ಟು ತಾನಾಗಿಯೇ ಹಿಂದಕ್ಕೆ ಬಾಗಿ ನಿಲ್ಲುತ್ತದೆ, ಬೆರಳುಗಳಿಗೆ ಬೇಕಾದ ಆಸರೆ ಅದೇ. ಆಮೇಲೆ ಜೇಡಿಮಣ್ಣು, ಕಾಗದ ಹರಿಯುವುದು, ಬಟ್ಟೆಯ ಕ್ಲಿಪ್ಪುಗಳನ್ನು ರಟ್ಟಿನ ಅಂಚಿಗೆ ಸಿಕ್ಕಿಸುವುದು. ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಮೆಸುಣ್ಣದ ಚೂರು. ಉದ್ದದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಬಹುದು, ಈ ಚೂರನ್ನು ಹಿಡಿಯಲಾಗದು; ಎರಡು ಬೆರಳು ಮತ್ತು ಹೆಬ್ಬೆರಳು ಕೂಡಿ ಬರಲೇಬೇಕು. ಹಿಡಿತದ ಬಗ್ಗೆ ನಾನು ಒಂದು ಮಾತನ್ನೂ ಹೇಳಿಕೊಡಲಿಲ್ಲ. ಜೇಡಿಮಣ್ಣಿನಿಂದ ಸೀಮೆಸುಣ್ಣಕ್ಕೆ ದಾಟಿಸುವಾಗ ಮಾಡಿಸುವ ಬೆರಳಾಟವೊಂದಿದೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಪೆನ್ಸಿಲ್ ಯಾರಿಗೆ, ಯಾವಾಗ ಎಂಬುದನ್ನು ಹುಟ್ಟಿದ ದಿನಾಂಕ ನೋಡಿ ನಿರ್ಧರಿಸುವುದನ್ನು ಬಿಟ್ಟು, ಆಕೃತಿಗಳನ್ನು ನೋಡಿ ಬರೆಯಲು ಕೊಟ್ಟೆ. ವೃತ್ತ ಸುಮಾರು 3ರ ವಯಸ್ಸಿಗೆ, ಸಂಕಲನ ಚಿಹ್ನೆ 4ರ ಆಸುಪಾಸಿಗೆ ಬರುತ್ತದೆ. ಓರೆಗೆರೆಗಳು ಒಂದನ್ನೊಂದು ಕತ್ತರಿಸುವ ಗುಣಾಕಾರ ಚಿಹ್ನೆ 5ರ ಹತ್ತಿರಕ್ಕೆ ಬರುತ್ತದೆ. ಅಕ್ಷರಗಳಿಗೆ ಬೇಕಾದದ್ದು ಓರೆಗೆರೆಯ ಮೇಲಿನ ಈ ಹಿಡಿತವೇ ಎಂದು ನನ್ನ ದೃಢ ಅಭಿಪ್ರಾಯ. ಇಪ್ಪತ್ತೈದರಷ್ಟು ಮಕ್ಕಳಲ್ಲಿ ನಾಲ್ಕೈದು ಮಂದಿ ನಾಲ್ಕೂವರೆಗೇ ಸಿದ್ಧರಿದ್ದರು, ಅವರಿಗೆ ಕೊಟ್ಟೆ. ಇನ್ನು ಕೆಲವರಿಗೆ ಐದೂವರೆಯವರೆಗೆ ಕಾದೆ. ಹೀಗೆ ಕಾಯುವಾಗ ಪೋಷಕರಿಗೆ ಉತ್ತರ ಹೇಳುವುದೇ ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ.

ಇದರ ನಡುವೆ ಲೆಕ್ಕದಲ್ಲೂ ಒಂದು ಪ್ರಯೋಗ ಮಾಡಿದೆ. ಒಂದೇ ಸಂಖ್ಯೆಯ ಗುಂಡಿಗಳ ಎರಡು ಸಾಲಿಟ್ಟು ಒಂದನ್ನು ಅಗಲವಾಗಿ ಹರಡಿದರೆ, ಉದ್ದದ ಸಾಲಿನಲ್ಲೇ ಹೆಚ್ಚಿವೆ ಎಂದು 4 ವರ್ಷದ ಮಕ್ಕಳು ಹೇಳುತ್ತಾರೆ. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿದ್ದೂ ಅದನ್ನೇ. ವಾರಗಟ್ಟಲೆ ಸರಿಯುತ್ತರ ಹೇಳಿಕೊಟ್ಟೆ, ಒಪ್ಪಿಸಿದರು. ಗುಂಡಿಯ ಬದಲು ಕಲ್ಲು ಇಟ್ಟೊಡನೆ ಹಳೆಯ ಉತ್ತರವೇ ಬಂತು. ಅಲ್ಲಿಗೆ ಆ ಪಾಠವನ್ನು ಕೈಬಿಟ್ಟು, ಪ್ರತಿ ಮಗುವಿಗೆ ಒಂದೊಂದು ಬಟ್ಟಲು ಹಂಚಿಸುವ ಕೆಲಸ ಕೊಟ್ಟೆ. ಒಂದಕ್ಕೊಂದು ಹೊಂದಿಸುವುದು ಅದರಿಂದಲೇ ಬೇಗ ಬಂತು.

ಈಗ ವರ್ಷದ ಖರ್ಚು ಮೊದಲಿನ ಕಾಲು ಭಾಗಕ್ಕೂ ಕಡಿಮೆ. ತಡವಾಗಿ ಪೆನ್ಸಿಲ್ ಹಿಡಿದವರು ಸುಮಾರು ಮೂರು ತಿಂಗಳಲ್ಲಿ ಸಾಲು ತಪ್ಪದೆ ಬರೆದರು, ಕೈ ನೋಯುತ್ತದೆ ಎಂದು ಪೆನ್ಸಿಲ್ ಕೆಳಗಿಟ್ಟವರು ತೀರಾ ಅಪರೂಪ. ಎಡಗೈ ಮಕ್ಕಳನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿ, ಹಾಳೆಯನ್ನು ಬಲಗೈಯವರಿಗೆ ವಿರುದ್ಧವಾಗಿ ಓರೆ ಮಾಡಿದರೆ ಅವರೂ ಹಿಂದೆ ಬೀಳುವುದಿಲ್ಲ. ಪಕ್ಕದ ತರಗತಿಯವರು ಈ ವರ್ಷ ಸೀಮೆಸುಣ್ಣದ ಚೂರುಗಳ ಡಬ್ಬಿಯನ್ನು ನನ್ನಿಂದಲೇ ಒಯ್ದಿದ್ದಾರೆ.